ದುರಗೇಶನ ಮಾತಿಗೆ ಕಾದವರು

ಬಾಡಗಂಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಡ್ರೈವರುಗಳಲ್ಲಿ ದುರಗೇಶನಷ್ಟು ಮಾತಿನ ಮನುಷ್ಯ ಇನ್ನೊಬ್ಬನಿರಲಿಲ್ಲ. ಎರಡು ಟ್ರ್ಯಾಲಿ ಕಬ್ಬು ಹೇರಿಕೊಂಡು ಸರದಿಗಾಗಿ ನಿಂತಾಗ ಅವನ ಟ್ರ್ಯಾಕ್ಟರಿನ ಸುತ್ತ ನಾಲ್ಕಾರು ಜನ ಸೇರಿಯೇ ಇರುತ್ತಿದ್ದರು. ಯಾರ ಎಮ್ಮೆ ಯಾರ ಹೊಲಕ್ಕೆ ನುಗ್ಗಿತು, ಯಾರ ಮದುವೆಯಲ್ಲಿ ಯಾವ ಬೀಗರು ಮುನಿಸಿಕೊಂಡರು, ಎಲ್ಲವನ್ನೂ ಅವರವರ ದನಿಯಲ್ಲೇ ಆಡಿ ತೋರಿಸುತ್ತಿದ್ದ. ಟ್ರ್ಯಾಕ್ಟರು ಅವನದಲ್ಲ, ಊರಿನ ಜಮೀನುದಾರ ಹೊಳಬಸಪ್ಪನವರದು. ಇಪ್ಪತ್ತು ವರ್ಷ ಅದನ್ನು ನಡೆಸಿದವನು ಮಾತ್ರ ದುರಗೇಶನೇ.

ಒಂದು ಚಳಿಗಾಲದ ಬೆಳಿಗ್ಗೆ ರೇಡಿಯೇಟರಿಗೆ ನೀರು ಹಾಕುತ್ತಿದ್ದಾಗ ಅವನ ಬಲಗೈಯಿಂದ ಕೊಡ ಜಾರಿತು. ಹೆಂಡತಿ ಮುದಕವ್ವನನ್ನು ಕೂಗಲು ಬಾಯಿ ತೆರೆದ. ದನಿ ಬಂತು, ಮಾತು ಬರಲಿಲ್ಲ. ಅಕ್ಕಪಕ್ಕದವರು ಓಡಿ ಬಂದು ಸಿಕ್ಕ ಗಾಡಿಯಲ್ಲಿ ಬಾಗಲಕೋಟೆಗೆ ಸಾಗಿಸಿದರು. ಲಕ್ವಾ ಹೊಡೆದಿತ್ತು. ಜೀವ ಉಳಿಯಿತು. ಕೆಲವು ವಾರಗಳಲ್ಲಿ ಕೋಲೂರಿ ನಡೆಯುವಷ್ಟು ಕಾಲು ಬಂತು, ಕೈ ಅರೆಬರೆ ಬಂತು. ಮಾತು ಬರಲಿಲ್ಲ. "ನೀವು ಹೇಳೂದೆಲ್ಲಾ ಅವರಿಗೆ ತಿಳಿತೈತಿ. ಅವರು ಹೇಳಬೇಕಂದದ್ದು ನಾಲಿಗಿ ತನಕ ಮುಟ್ಟವಲ್ದು. ಗಡಿಬಿಡಿ ಮಾಡಬ್ಯಾಡ್ರಿ" ಎಂದು ಡಾಕ್ಟರು ಮುದಕವ್ವನಿಗೆ ತಿಳಿಸಿ ಕಳಿಸಿದರು.

ಗಡಿಬಿಡಿ ಮಾಡಿದವರು ಊರಿನವರು. ಮೊದಲ ಸಲ ಚಹದಂಗಡಿಗೆ ಹೋದಾಗ ಏನೋ ಕೇಳಬೇಕೆಂದು "ಬ... ಬ..." ಎಂದು ಅವನು ತಡವರಿಸಿದ. "ಬೀಡಿ ಏನೋ?" ಎಂದನೊಬ್ಬ. "ಬಜಿ ಇರಬೇಕು ಬಿಡೋ" ಎಂದ ಇನ್ನೊಬ್ಬ. "ಬೆಲ್ಲದ ಚಾ!" ಎಂದು ಮತ್ತೊಬ್ಬ ಕೂಗಿದ. ಅಂಗಡಿ ತುಂಬ ನಗು. ಅವರಿಗೆ ಕೇಡು ಬಗೆಯುವ ಮನಸ್ಸೇನೂ ಇರಲಿಲ್ಲ, ಹಳೆಯ ದುರಗೇಶನ ಜೊತೆ ನಕ್ಕಂತೆಯೇ ನಕ್ಕಿದ್ದರು. ಅವನು ಎದ್ದು ಮನೆಗೆ ಬಂದ. ಆಮೇಲೆ ಒಳಮನೆಯ ಮೂಲೆ ಹಿಡಿದು ಕೂತವನು ಹೊರಗೆ ಬರಲೇ ಇಲ್ಲ. ಹೊಳಬಸಪ್ಪನವರು ಒಂದೆರಡು ಸಲ ಬಂದು ನೋಡಿದರು. ಉತ್ತರ ಕೊಡದವನ ಎದುರು ಎಷ್ಟು ಹೊತ್ತು ಕೂರುವುದು? ಕಬ್ಬು ಸಾಗಿಸುವ ಹಂಗಾಮು ನಡೆದಿತ್ತು. ಬೇರೆ ಡ್ರೈವರನನ್ನು ಇಟ್ಟುಕೊಂಡರು, ಬರುವುದು ನಿಂತಿತು.

ಬರುವುದನ್ನು ನಿಲ್ಲಿಸದವಳು ಒಬ್ಬಳೇ, ಸರಕಾರಿ ದವಾಖಾನೆಯ ನರ್ಸ್ ರೇಷ್ಮಾ. ಬಿ.ಪಿ. ನೋಡಲು ಬಂದವಳು ಅವನ ಬೆರಳುಗಳನ್ನು ಮಡಚಿ ಬಿಡಿಸುವ ವ್ಯಾಯಾಮ ಮಾಡಿಸಿ ಹೋಗುತ್ತಿದ್ದಳು. ಅವಳ ಗಂಡ ಅಜಯ ಕಾರ್ಖಾನೆಯ ಆಫೀಸಿನಲ್ಲಿ ನೌಕರ. ಅವರ ಮನೆಯಲ್ಲಿ ರವಿವಾರ ಸಂಜೆ ಸಣ್ಣದೊಂದು ಪ್ರಾರ್ಥನಾ ಕೂಟ ಸೇರುತ್ತಿತ್ತು. ಚರ್ಚಿನ ಕಟ್ಟಡವಿಲ್ಲ, ಮೈಕಿಲ್ಲ. ಹೊರಕೋಣೆಯಲ್ಲಿ ಜಮಖಾನೆ ಹಾಸಿದರೆ ಎಲ್ಲರೂ ಹಿಡಿಸುವಷ್ಟೇ ಜನ.

"ಅಣ್ಣಾರನ್ನ ಈ ರವಿವಾರ ನಮ್ಮನಿಗೆ ಕರಕೊಂಡ ಬರ್ರಿ" ಎಂದಳು ರೇಷ್ಮಾ ಒಮ್ಮೆ.

ಮುದಕವ್ವ ಹಿಂದೆಮುಂದೆ ನೋಡಿದಳು. "ನಮ್ಮ ದೇವ್ರನ್ನ ಬಿಡ್ರಿ ಅಂತೀರೇನ್ರಿ ಬಾಯಾರ?"

"ನಾ ಬಿಡ್ರಿ ಅನ್ನಂಗಿಲ್ಲ, ಹಿಡೀರಿ ಅನ್ನಂಗಿಲ್ಲ. ನಾವು ಹಾಡ್ತೀವಿ, ಪ್ರಾರ್ಥನಾ ಮಾಡ್ತೀವಿ, ಚಾ ಕುಡಿತೀವಿ. ಬಂದು ಸುಮ್ನ ಕುಂಡ್ರಲಿ. ಯಾರೂ ಮಾತಾಡ ಅಂತ ಕಾಡಂಗಿಲ್ಲ."

ಯಾರೂ ಮಾತಾಡಿಸುವುದಿಲ್ಲ ಎಂದದ್ದಕ್ಕೇ ದುರಗೇಶ ಕೋಲಿಗೆ ಕೈ ಹಾಕಿದ.

ಮೊದಲ ರವಿವಾರ ಬಾಗಿಲ ಪಕ್ಕವೇ ಕೂತ. ಅಜಯ ಬೈಬಲಿನಿಂದ ಓದಿದ, ಒಂದೆರಡು ಹಾಡಾದವು. ಕೊನೆಗೆ ಪ್ರಾರ್ಥನೆ. ಅವರ ರೂಢಿಯಂತೆ ಸುತ್ತ ಕೂತವರು ಒಬ್ಬೊಬ್ಬರಾಗಿ ತಮ್ಮ ಮಾತಿನಲ್ಲೇ ದೇವರನ್ನು ಬೇಡಿಕೊಂಡರು. ಮಗನ ಪರೀಕ್ಷೆಗಾಗಿ ಒಬ್ಬರು, ತಂಗಿಯ ಬಾಣಂತನಕ್ಕಾಗಿ ಇನ್ನೊಬ್ಬರು. ದುರಗೇಶನ ಪಕ್ಕ ಕೂತಿದ್ದವಳು ಮರೆವ್ವ, ದವಾಖಾನೆಯಲ್ಲಿ ಆಯಾ ಆಗಿ ದುಡಿದು ನಿವೃತ್ತಳಾದ ಮುದುಕಿ. ಅವಳದು ಮುಗಿಯಿತು. ಮುಂದಿನವನು ಅವನೇ. ರೂಢಿ ತಪ್ಪಿಸಿ ಆಚೆಯವರು ಶುರು ಮಾಡಬಹುದಿತ್ತು. ಮಾಡಲಿಲ್ಲ.

ದುರಗೇಶನಿಗೆ ಬೆವರು ಬಂತು. ತುಟಿ ಅಲುಗಿತು. "ದ... ದ..." ಎಂದಿತು ನಾಲಿಗೆ. ಅಭ್ಯಾಸದಂತೆ ಮುದಕವ್ವ ನೆರವಿಗೆ ಬಂದಳು, "ದೇವ್ರು ಅಂತಾರ್ರಿ..."

"ಯವ್ವಾ, ನೀ ಹೇಳಬ್ಯಾಡ. ಅಂವ ಹೇಳ್ತಾನ" ಎಂದಳು ಮರೆವ್ವ, ಕಣ್ಣು ತೆರೆಯದೆಯೇ. ಅವನ ಸೋತ ಬಲಗೈಯನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡಳು. "ನಮಗೇನ ಅವಸರಿಲ್ಲ ತಮ್ಮಾ."

ಕೋಣೆಯಲ್ಲಿ ಗಡಿಯಾರದ ಸದ್ದೊಂದೇ. ಯಾರೂ ಕೆಮ್ಮಲಿಲ್ಲ, ಯಾರೂ ಕಣ್ಣು ಬಿಟ್ಟು ನೋಡಲಿಲ್ಲ. ಒಲೆಯ ಮೇಲಿನ ಚಹ ಉಕ್ಕಿ ಚೆಲ್ಲಿದ ವಾಸನೆ ಬಂದರೂ ರೇಷ್ಮಾ ಏಳಲಿಲ್ಲ. ಕಡೆಗೆ ಅವನ ಬಾಯಿಂದ ಒಂದು ಶಬ್ದ ಹೊರಬಿತ್ತು: "ದಣಿವು."

ಎಲ್ಲರೂ ಒಟ್ಟಿಗೆ "ಆಮೆನ್" ಎಂದರು. ಮುದಕವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಷ್ಟು ತಿಂಗಳಲ್ಲಿ ಗಂಡ ತನಗಾದದ್ದನ್ನು ತಾನೇ ಹೇಳಿಕೊಂಡದ್ದು ಅದೇ ಮೊದಲು.

ಮುಂದಿನ ವಾರ ಅವನೇ ಮುದಕವ್ವನನ್ನು ಅವಸರಪಡಿಸಿ ಹೊರಟ. ಕೆಲವು ವಾರಗಳ ನಂತರ ಇನ್ನೊಂದು ನಡೆಯಿತು. ಮರೆವ್ವ ಬೀಸುಕಲ್ಲಿನ ಹಾಡಿನ ಧಾಟಿಗೆ ತಾನೇ ಕಟ್ಟಿದ ಹಾಡೊಂದನ್ನು ಎತ್ತಿಕೊಂಡಳು:

"ಹೊಳಿ ತುಂಬಿ ಬಂದೈತಿ ತಂದೀ, ಕೈಯ ಬಿಡಬ್ಯಾಡ,
ನಡುನೀರಾಗ ನಿಂತೇನಿ, ಕೈಯ ಬಿಡಬ್ಯಾಡ."

ಎರಡನೆಯ ಸುತ್ತಿನಲ್ಲಿ ಒಂದು ಗಂಡುದನಿ ಸೇರಿತು. ದಪ್ಪ, ಒಡಕು ದನಿ. ಶಬ್ದ ಒಂದೂ ತಪ್ಪಿರಲಿಲ್ಲ. ದುರಗೇಶ ಹಾಡುತ್ತಿದ್ದ. ಉಳಿದವರ ದನಿ ಬೆರಗಿನಿಂದ ಸಣ್ಣದಾಯಿತು. ಮರೆವ್ವ ಮಾತ್ರ ನಿಲ್ಲಿಸದೆ, ಸಾಲು ತಿರುಗಿಸಿ ತಿರುಗಿಸಿ, ಅವನಿಗೆ ಸಾಕಾಗುವ ತನಕ ಹಾಡಿದಳು.

ಮಾತು ಹೋದವರಿಗೂ ಕೆಲವು ಸಲ ಹಾಡು ಉಳಿದಿರುತ್ತದೆ ಎಂದು ರೇಷ್ಮಾ ದವಾಖಾನೆಯ ಡಾಕ್ಟರಿಂದ ಕೇಳಿ ತಿಳಿದು ಬಂದಳು. "ದೇವ್ರು ಅಲ್ಲೊಂದು ಸಂದಿ ಉಳಿಸ್ಯಾನ, ಅದರಾಗ ಕೈ ಹಾಕಿ ಜಗ್ಗೂಣು" ಎಂದಳು ಮರೆವ್ವ. ಎಲ್ಲರೂ ಸೇರಿ ಜಗ್ಗಿದರು. ನೀರು ಬೇಕು, ಉಪ್ಪು ಕಡಿಮೆ ಐತಿ, ಬಸ್ಸು ಬಂತು, ಎಲ್ಲಕ್ಕೂ ಧಾಟಿ ಹಚ್ಚಿದರು. ಅಜಯ ಸಂಜೆ ಡ್ಯೂಟಿ ಮುಗಿಸಿ ಬರುತ್ತ ಅವನನ್ನು ಕಾಲುವೆ ದಂಡೆಯವರೆಗೆ ನಡೆಸಿಕೊಂಡು ಹೋಗುತ್ತಿದ್ದ. ಇಬ್ಬರೂ ಹಾಡಿನಲ್ಲೇ ಮಾತಾಡುತ್ತ ಹೋಗುವುದನ್ನು ಕಬ್ಬು ಕಡಿಯುವವರು ಕುಡುಗೋಲು ನಿಲ್ಲಿಸಿ ನೋಡುತ್ತಿದ್ದರು. ಅವರು ನಗುವ ಮೊದಲೇ ಅಜಯ ತಾನೇ ನಗುತ್ತಿದ್ದ. ಬರಬರುತ್ತ ಧಾಟಿ ಕಳಚಿ ಒಂದೊಂದು ಮಾತು ಬಿಡಿಯಾಗಿ ನಿಲ್ಲತೊಡಗಿತು. ನಿಧಾನ, ನಡುನಡುವೆ ಖಾಲಿ, ಆದರೂ ಅವನದೇ ಮಾತು.

ದುರಗೇಶ ಯೇಸುವನ್ನು ನಂಬಿದ. ಮುದಕವ್ವ ದುರಗವ್ವನ ಗುಡಿಗೆ ಹೋಗುವುದನ್ನು ಬಿಡಲಿಲ್ಲ, ಅವನು ಬಿಡು ಎನ್ನಲೂ ಇಲ್ಲ. ನಳದ ಹತ್ತಿರ ಒಬ್ಬಳು ಕೆಣಕಿದಳು: "ನಿನ್ನ ಗಂಡ ಕುಲ ಬಿಟ್ಟನಂತಲ್ಲಬೇ?" ಮುದಕವ್ವ ಕೊಡ ಎತ್ತಿಕೊಳ್ಳುತ್ತ ಹೇಳಿದಳು: "ಹಿಡದ ಕುಂತ ಮೂಲಿ ಬಿಟ್ಟಾನ. ನನಗಷ್ಟ ಸಾಕು."

ಎರಡು ಹಂಗಾಮು ಕಳೆದವು. ಒಂದು ರವಿವಾರ ಕೂಟದಲ್ಲಿ ರೇಷ್ಮಾ, ಹೊಳಬಸಪ್ಪನವರಿಗೂ ಲಕ್ವಾ ಹೊಡೆದಿದೆ ಎಂದು ತಿಳಿಸಿ ಅವರಿಗಾಗಿ ಪ್ರಾರ್ಥಿಸಲು ಕೇಳಿದಳು. ದುರಗೇಶ ಮರುದಿನ ಬೆಳಿಗ್ಗೆಯೇ ಆ ಮನೆಯ ಅಂಗಳದಲ್ಲಿ ನಿಂತಿದ್ದ. ಇಪ್ಪತ್ತು ವರ್ಷ ಅವನು ಚಹ ಕುಡಿದದ್ದು ಆ ಅಂಗಳದಲ್ಲೇ. ಹೊಸ್ತಿಲು ದಾಟಿದ್ದಿಲ್ಲ.

ಯಜಮಾನಿ ಸಾವಿತ್ರೆವ್ವ ಬಾಗಿಲಿಗೆ ಬಂದರು. "ಗ್ವಾಡಿ ಕಡೆ ಮಾರಿ ಮಾಡಿ ಮಲಗ್ಯಾರೋ ದುರಗ್ಯಾ. ಬಂದವರನ್ನ ನೋಡವಲ್ರು."

"ನಾ... ಕುಂಡ್ರ್ತೇನ್ರಿ" ಎಂದ ದುರಗೇಶ.

ಅವರು ಅವನ ಕೋಲು, ಎಳೆಯುವ ಕಾಲು, ಮುಖ ಎಲ್ಲ ನೋಡಿದರು. ಸ್ವಲ್ಪ ತಡೆದು, "ಒಳಗ ಬಾ" ಎಂದರು.

ಮಂಚದ ಪಕ್ಕ ಅವನು ಸುಮ್ಮನೆ ಕೂತ. ದಿನವೂ ಬಂದು ಕೂತ. ಒಂದು ದಿನ ಹೊಳಬಸಪ್ಪನವರು ಎಡಗೈ ಎತ್ತಿ "ಕ... ಕ..." ಎಂದರು. ಮನೆಯವರೆಲ್ಲ ಮುತ್ತಿದರು. ಕಂಬಳಿಯೇ? ಕನ್ನಡಕವೇ? ಕಷಾಯವೇ? ಆ ಹಿರಿಯರ ಕಣ್ಣಲ್ಲಿ ಸಿಟ್ಟು, ಅದರ ಹಿಂದೆಯೇ ನೀರು. ದುರಗೇಶ ಕೈ ಅಡ್ಡ ಹಿಡಿದ. "ತಡೀರಿ ಅವ್ವಾರ. ಅವರು... ಹೇಳ್ತಾರ."

ಆ ಮನೆಯಲ್ಲಿ ಅವನ ಮಾತಿಗೆ ಎಲ್ಲರೂ ಬಾಯಿ ಮುಚ್ಚಿದರು. ಬಹಳ ಹೊತ್ತಾಯಿತು. "ಕಿಡ... ಕಿ" ಎಂದರು ಹೊಳಬಸಪ್ಪನವರು. ಕಿಟಕಿ ತೆರೆದರು. ಕಬ್ಬಿನ ಹೊಲ ಕಂಡಿತು, ಗಾಳಿ ಒಳಗೆ ಬಂತು. ಅವರು ಆವತ್ತು ಗೋಡೆಯ ಕಡೆ ಹೊರಳಲಿಲ್ಲ.

ಮರುದಿನದಿಂದ ದುರಗೇಶ ಹಾಡಲು ಶುರು ಮಾಡಿದ. ಕೂಟದ ಹಾಡಲ್ಲ. ಹೊಳಬಸಪ್ಪನವರು ಸೋಮವಾರ ಮಠದಲ್ಲಿ ತಾಳ ಹಿಡಿದು ಹಾಡುತ್ತಿದ್ದ ಶಿವನ ಭಜನೆ. ಹೊರಗೆ ಟ್ರ್ಯಾಕ್ಟರಿನಲ್ಲಿ ಕಾಯುತ್ತ ಕಾಯುತ್ತ ಅವನಿಗೂ ಬಾಯಿಪಾಠವಾಗಿತ್ತು. ಮೂರನೆಯ ದಿನ ಅವರ ತುಟಿ ಸೇರಿತು, ಆ ವಾರವೇ ದನಿ ಸೇರಿತು. ಸಾವಿತ್ರೆವ್ವ ಅಡುಗೆಮನೆಯಿಂದ ಓಡಿ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು.

"ನೀವು ಅಲ್ಲಿ ಶಿವನ ಭಜನಿ ಹಾಡಿದ್ರಂತ?" ಎಂದು ಕೂಟದಲ್ಲಿ ಒಬ್ಬರು ಕೇಳಿದರು, ಸ್ವಲ್ಪ ಅನುಮಾನದಿಂದಲೇ.

"ಅವರಿಗೆ... ಬರೂದು... ಅದು" ಎಂದ ದುರಗೇಶ.

"ಖರೆ ಅಂದಿ ತಮ್ಮಾ" ಎಂದು ಮರೆವ್ವ ನಕ್ಕಳು. ಮತ್ತೆ ಯಾರೂ ಆ ಮಾತು ಎತ್ತಲಿಲ್ಲ.

ಬೇಸಿಗೆಯಲ್ಲಿ ಸಾವಿತ್ರೆವ್ವ ರೇಷ್ಮಾಳ ಮನೆಗೆ ತಾವೇ ನಡೆದು ಬಂದರು. "ದುರಗೇಶಪ್ಪನ್ನ ಹಿಂಗ ನಿಲ್ಲಿಸಿದವರು ನೀವು. ಒಂದ ದಿನ ಎಲ್ಲಾರೂ ನಮ್ಮನಿಗೆ ಬಂದು ಉಂಡ ಹೋಗ್ರಿ" ಎಂದರು. ಇಡೀ ಕೂಟ ಹೋಯಿತು. ಪಡಸಾಲೆಯಲ್ಲಿ ಒಂದೇ ಪಂಕ್ತಿ, ಬಿಸಿ ರೊಟ್ಟಿ, ಎಣ್ಣೆಗಾಯಿ, ಕೆನೆಮೊಸರು. ಮುದಕವ್ವನಿಗೆ ಸಾವಿತ್ರೆವ್ವ ತಾವೇ ಕೂತು ಬಡಿಸಿದರು.

ಈಗ ಬೀಳಗಿಯಲ್ಲೋ ಜಮಖಂಡಿಯಲ್ಲೋ ಲಕ್ವಾದಿಂದ ಮಾತು ಕಳೆದುಕೊಂಡವರಿದ್ದಾರೆಂದು ರೇಷ್ಮಾಳಿಗೆ ತಿಳಿದರೆ ದುರಗೇಶನಿಗೆ ಹೇಳುತ್ತಾಳೆ. ಅವನು ಹೋಗಿ ಕೂರುತ್ತಾನೆ. ಅವರು ಯಾವ ದೇವರ ಹಾಡು ಹಾಡುತ್ತಿದ್ದರು, ಯಾವ ಸೋಬಾನೆ, ಯಾವ ಜೋಗುಳ ಎಂದು ಮೊದಲು ಮನೆಯವರನ್ನು ಕೇಳಿ ತಿಳಿದುಕೊಳ್ಳುತ್ತಾನೆ. ಎಲ್ಲರಿಗೂ ಮಾತು ಮರಳುವುದಿಲ್ಲ. ಮರಳದವರ ಮನೆಗೂ ಅವನು ಹೋಗುವುದನ್ನು ನಿಲ್ಲಿಸಿಲ್ಲ. ಹೊಳಬಸಪ್ಪನವರು ತಮ್ಮ ಜೀಪನ್ನೂ ಡ್ರೈವರನನ್ನೂ ಕೊಟ್ಟು ಕಳಿಸುತ್ತಾರೆ. ಮೈಗೆ ಹುಷಾರೆನಿಸಿದ ದಿನ ತಾವೂ ಅವನ ಭುಜ ಹಿಡಿದು ಹತ್ತಿ ಪಕ್ಕದಲ್ಲಿ ಕೂತುಕೊಳ್ಳುತ್ತಾರೆ.