ಆನೆಗೆ ಹೆದರದ ಮಾರಣ್ಣ

ಆನೆಯ ಎದುರು ಮಾರಣ್ಣ ದನಿ ಎತ್ತುತ್ತಿರಲಿಲ್ಲ. ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಮನೆಯ ಹಿರಿಯರೊಡನೆ ಮಾತಾಡುವಂತೆ ಮೆಲ್ಲಗೆ ಮಾತಾಡುತ್ತಿದ್ದ. ತೋಲ್ಪೆಟ್ಟಿ ಹತ್ತಿರದ ಕಾಫಿ ತೋಟವೊಂದರಲ್ಲಿ ಅವನು ಕಾವಲುಗಾರ. ನಾನೂ ನನ್ನ ಅಣ್ಣ ಬೊಳ್ಳನೂ ಅಲ್ಲೇ ಕೂಲಿಗೆ ಹೋಗುತ್ತಿದ್ದೆವು.

ಒಂದು ಕೊಯ್ಲಿನ ಬೆಳಿಗ್ಗೆ ಬೇಲಿ ಮುರಿದುಕೊಂಡು ಸಲಗವೊಂದು ಬಂತು. ಎಲ್ಲರೂ ಓಡಿದರು. ನಾನು ಕಾಲು ಉಳುಕಿ ಬಿದ್ದೆ. ದೂರ ಹೋಗಿದ್ದ ಮಾರಣ್ಣ ತಿರುಗಿ ಬಂದು ನನಗೂ ಆನೆಗೂ ನಡುವೆ ನಿಂತ.

"ಇವಳು ನಮ್ಮ ಹುಡುಗಿ ಕಣಪ್ಪ. ನೀ ನಿನ್ನ ದಾರಿ ನೋಡ್ಕೊ" ಅಂದ.

ಆನೆ ಸ್ವಲ್ಪ ಹೊತ್ತು ನಿಂತಿದ್ದು ಕಾಡಿನತ್ತ ತಿರುಗಿತು. ಅವನು ಬಗ್ಗಿ, "ನೋವುಂಟಾ ಮೋಳೇ?" ಎಂದು ಕೇಳಿದ. ಮಗಳೇ ಎನ್ನುವುದನ್ನು ಮಲಯಾಳದಲ್ಲೇ ಹೇಳುವುದು ಅವನ ವಾಡಿಕೆ. ಇಂಥವನಲ್ಲಿ ಒಳ್ಳೆಯ ಗುಣಗಳೆಲ್ಲ ಒಟ್ಟಿಗೇ ಇರುತ್ತವೆ ಎಂದು ನಾನು ಅಂದೇ ನಂಬಿಬಿಟ್ಟೆ.

ಎರಡು ವರ್ಷದ ಮೇಲೆ ಕಾಫಿ ಇಟ್ಟಿದ್ದ ಶೆಡ್ಡಿಗೆ ಬೆಂಕಿ ಬಿತ್ತು. ಮ್ಯಾನೇಜರ್ ಅಲ್ಲಿ ಸಿಗರೇಟು ಎಸೆದದ್ದನ್ನು ಮಾರಣ್ಣ ಕಂಡಿದ್ದ. ನಮಗೆ ಹೇಳಿದವನೂ ಅವನೇ. ಮ್ಯಾನೇಜರ್ ಮಾತ್ರ ತಪ್ಪನ್ನು ಬೊಳ್ಳನ ಬೀಡಿಯ ಮೇಲೆ ಹಾಕಿದ. ತೋಟದ ಧಣಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳಿದಾಗ ಮಾರಣ್ಣ ನೆಲ ನೋಡುತ್ತ, "ನಾ ಏನೂ ಕಂಡಿಲ್ಲ ಸಾರೇ" ಅಂದುಬಿಟ್ಟ. ಅಣ್ಣನ ಕೆಲಸ ಹೋಯಿತು. ಬೆಂಕಿ ಇಟ್ಟವನೆಂಬ ಹೆಸರು ಹೊತ್ತುಕೊಂಡು ಕುಟ್ಟ ಊರಿನ ಆಚೆಯ ಶುಂಠಿ ಹೊಲಗಳಿಗೆ ಕೂಲಿಗೆ ಹೋದ.

ಮಾರನೆಯ ಸಂಜೆ ಮಾರಣ್ಣ ನಮ್ಮ ಅಂಗಳಕ್ಕೆ ಬಂದ. ಕೂರು ಅಂತ ನಾನು ಅನ್ನಲಿಲ್ಲ.

"ಆನೆ ಮುಂದೆ ನನ್ನ ಕಾಲು ನಡುಗಲ್ಲ ಮೋಳೇ. ಧಣಿಯಂಥವರ ಮುಂದೆ ನಾಲಿಗೆನೇ ಏಳಲ್ಲ. ಚಿಕ್ಕಂದಿನಿಂದ ಹಂಗೇ."

"ಹಂಗಾದ್ರೆ ಅವತ್ತು ನೀ ನಿಂತದ್ದೂ ಧೈರ್ಯದಿಂದ ಅಲ್ಲ. ಕುಡಿದಿದ್ದೆ ಅಂತ ಕಾಣ್ತದೆ" ಅಂದೆ.

ಅವನು ಕುಡಿಯುವವನಲ್ಲ ಎಂದು ನನಗೆ ಗೊತ್ತಿತ್ತು. ಅವನು ಹೊರಟುಹೋದ.

ಹೋದ ಮಳೆಗಾಲ ಜ್ವರ ಬಂದು ಮಾರಣ್ಣ ತೀರಿಕೊಂಡ. ಅಣ್ಣನಿಗೆ ಅವನು ಮಾಡಿದ್ದನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಆದರೆ ಅವನ ಹೇಡಿತನದಷ್ಟೇ ಅವನ ಧೈರ್ಯವೂ ನಿಜವಾಗಿತ್ತು. ಒಂದನ್ನು ಹಿಡಿದು ಇನ್ನೊಂದನ್ನು ಸುಳ್ಳು ಮಾಡಿದವಳು ನಾನು.

ಸಾಯುವುದಕ್ಕೆ ಒಂದು ತಿಂಗಳ ಮುಂಚೆ ಮಾನಂತವಾಡಿ ಬಸ್ಸಿನಲ್ಲಿ ಸಿಕ್ಕಿದ್ದ. ನನ್ನನ್ನು ಕಂಡು ಕಿಟಕಿಯತ್ತ ಸರಿದು, "ಕೂತ್ಕೋ ಮೋಳೇ" ಅಂದ. ನಾನು ಕಂಬಿ ಹಿಡಿದು ಬೇರೆ ಕಡೆ ನೋಡುತ್ತ ನಿಂತೆ. ಬಸ್ಸು ತುಂಬಿತು. ನಾನು ಇಳಿಯುವವರೆಗೂ ಅವನು ಆ ಜಾಗದಲ್ಲಿ ಬೇರೆ ಯಾರನ್ನೂ ಕೂರಲು ಬಿಡಲಿಲ್ಲ.