ಅಕ್ಕಿಯ ನಡುವೆ ಮಲಗಿಸಿದ ಗೊಂಬೆ

ಅಂಗನವಾಡಿ ಮಕ್ಕಳಿಗೆ ಮೈಕೈಯೆಲ್ಲ ಮೆತ್ತಿಕೊಂಡು ಆಡೋ ಆಟ ಕಲಿಸೋದು ನನ್ನ ಕೆಲಸ. ಬೈರಕೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಅವತ್ತು ಒಂದು ಬೇಸನ್ನಿಗೆ ಅರಿಶಿನ ಬೆರೆಸಿದ ಅಕ್ಕಿ, ಇನ್ನೊಂದಕ್ಕೆ ಬೀಟ್‌ರೂಟ್ ರಸ ಬೆರೆಸಿದ ಅಕ್ಕಿ ಹಾಕಿ, ಪಕ್ಕದಲ್ಲಿ ಕಲಸಿದ ರಾಗಿ ಹಿಟ್ಟು ಇಟ್ಟಿದ್ದೆ. ಒಬ್ಬ ಪುಟ್ಟ ಹುಡುಗಿ ಹಿಟ್ಟಿನಲ್ಲಿ ಗೊಂಬೆ ಮಾಡಿ ಕೆಂಪು ಅಕ್ಕಿಯ ನಡುವೆ ಮಲಗಿಸಿದಳು. ಅವಳನ್ನು ಕರೆದುಕೊಂಡು ಹೋಗಲು ಅವಳಜ್ಜಿ ಬಂದದ್ದೂ ಆಗಲೇ.

"ಯಾವೂರಮ್ಮ ನಿಂದು?" ಅಂದರು ಅಜ್ಜಿ, ಹೊಸಿಲು ದಾಟದೆ. "ಇದನ್ನ ಯಾರ ಮೇಲೆ ಮಾಡಿಸ್ತಿದೀಯ?"

"ಅಯ್ಯೋ, ಮಾಟ ಅಲ್ಲಜ್ಜಿ! ಮಕ್ಕಳ ಬೆರಳು ಚುರುಕಾಗ್ಲಿ ಅಂತ."

"ಅದಕ್ಕೆ ಅಂಗಳದಾಗೆ ಮಣ್ಣಿಲ್ವಾ? ಎಲ್ಲಿ, ಮೊದಲು ನೀನು ಕೈ ಹಾಕು, ನೋಡೋಣ."

ಮೊಣಕೈವರೆಗೂ ಹಾಕಿದೆ. ಅಜ್ಜಿ ನನ್ನ ಮುಖವನ್ನೇ ನೋಡುತ್ತಾ ನಿಂತರು. ನನಗೇನೂ ಆಗದ ಮೇಲೆ ಮೊಮ್ಮಗಳನ್ನು ಆಡಲು ಬಿಟ್ಟರು.

ನಾನು ಹೊರಡುವಾಗ ಅಜ್ಜಿ ಹಿಂದೆಯೇ ಬಂದು, "ತಪ್ಪು ತಿಳ್ಕೋಬೇಡಮ್ಮ, ನಮ್ಮ ಗಿಡದ್ದು" ಅಂತ ಒಂದು ನಿಂಬೆಹಣ್ಣು ಕೈಗಿಟ್ಟರು. ಅವರ ಭಯ ನೆನೆಸಿಕೊಂಡು ಬಸ್ಸಿನಲ್ಲಿ ದಾರಿಯುದ್ದಕ್ಕೂ ನಕ್ಕೆ.

ನಿಂಬೆಹಣ್ಣು ಇನ್ನೂ ನಮ್ಮ ಕಾಂಪೌಂಡ್ ಗೋಡೆ ಮೇಲೇ ಇದೆ. ಮನೆಯೊಳಗೆ ತರೋದಕ್ಕೆ ಯಾಕೋ ಧೈರ್ಯ ಬಂದಿಲ್ಲ.