ಗ್ಯಾಸ್ಟ್ರಿಕ್ ಅಲ್ಲದ ಮಾತ್ರೆ

ನಮ್ಮ ಕಡೆ ಗ್ಯಾಸ್ಟ್ರಿಕ್ ಇಲ್ಲದವರು ಮನುಷ್ಯರೇ ಅಲ್ಲ. ಎದೆನೋವಿಗೂ ಗ್ಯಾಸ್ಟ್ರಿಕ್, ತಲೆಸುತ್ತಿಗೂ ಗ್ಯಾಸ್ಟ್ರಿಕ್, ಗಂಡ ಹೆಂಡತಿ ಮಾತು ಬಿಟ್ಟರೂ ಗ್ಯಾಸ್ಟ್ರಿಕ್. ಮದುವೆಮನೆಯಲ್ಲಿ ಊಟವಾದ ಮೇಲೆ ಎಲೆ ಅಡಿಕೆ ಕೊಟ್ಟಷ್ಟೇ ಸಲೀಸಾಗಿ ಹೆಂಗಸರು ಬ್ಯಾಗಿನಿಂದ ಆ ಮಾತ್ರೆ ತೆಗೆದು ಪಕ್ಕದವರಿಗೂ ಒಂದು ಕೊಡುತ್ತಾರೆ. ಹಾಗಾಗಿ ನನ್ನ ಮಾತ್ರೆಗೆ ಒಂದು ಸುಳ್ಳು ಹೆಸರು ಬೇಕಾದಾಗ ನಮ್ಮತ್ತೆ ಹೆಚ್ಚು ಯೋಚನೆ ಮಾಡಬೇಕಾಗಲಿಲ್ಲ.

ನಾನು ಟೈಲರ್. ಭದ್ರಾವತಿಯ ಕಾಗದನಗರದಲ್ಲಿ ಮನೆ, ಶಿವಮೊಗ್ಗದ ಕೋಟೆಯಲ್ಲಿ ರವಿಕೆ ಹೊಲಿಯುವ ಸಣ್ಣ ಅಂಗಡಿ. ಬೆಳಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು, ಹೀಗೇ ವರ್ಷಗಟ್ಟಲೆ ಓಡಾಡಿದೆ. ಒಂದು ಬೆಳಗ್ಗೆ ನಮ್ಮ ಬಸ್ಸು ನಿಂತಿದ್ದ ಲಾರಿಗೆ ಗುದ್ದಿತು. ನನ್ನ ಪಕ್ಕ ಕಿಟಕಿಯ ಬಳಿ ಕೂತಿದ್ದವಳು ಕಾಲೇಜೊಂದರಲ್ಲಿ ಕ್ಲರ್ಕ್. ಎರಡು ವರ್ಷದಿಂದ ಒಂದೇ ಸೀಟಿನಲ್ಲಿ ಹೋಗಿಬರುತ್ತಿದ್ದೆವು. ನನಗೆ ಎಡಗೈ ಮುರಿಯಿತು. ಅವಳು ಆಂಬುಲೆನ್ಸ್ ಬರುವ ಮೊದಲೇ ನನ್ನ ತೊಡೆಯ ಮೇಲೆ ತೀರಿಕೊಂಡಳು. ಕೊನೆಯವರೆಗೂ "ನನ್ನ ಚಪ್ಪಲಿ ಎಲ್ಲೋಯ್ತು ನೋಡಿ" ಎನ್ನುತ್ತಿದ್ದಳು. ನಾನು ಸೀಟಿನ ಕೆಳಗೆ ಹುಡುಕುತ್ತಲೇ ಇದ್ದೆ.

ಕೈ ಕೂಡಿಕೊಂಡಿತು, ಉಳಿದದ್ದು ಕೂಡಲಿಲ್ಲ. ಬ್ರೇಕಿನ ಸದ್ದಿಗೆ ಮೈ ಬೆವರುತ್ತಿತ್ತು, ಡೀಸೆಲ್ ವಾಸನೆ ಬಂದರೆ ಮೂಗು ಮುಚ್ಚಿಕೊಂಡು ದೂರ ಓಡುತ್ತಿದ್ದೆ. ಬರೀ ಹೆದರಿಕೆಯಾಗಿದ್ದರೆ ಜನ ಅಯ್ಯೋ ಪಾಪ ಅನ್ನುತ್ತಿದ್ದರು. ನನಗೆ ಬಂದದ್ದು ಕೋಪ. ಕೋಪ ಬಂದ ಹೆಂಗಸಿಗೆ ಯಾರು ಪಾಪ ಅನ್ನುತ್ತಾರೆ? ಬಜಾರಿ ಅನ್ನುತ್ತಾರೆ. ಅತ್ತೆ ದೃಷ್ಟಿ ತೆಗೆದರು, ತಾಯಿತ ಕಟ್ಟಿಸಿದರು. ಒಂದು ಭಾನುವಾರ ಮಗಳು ಬಾಗಿಲನ್ನು ಧಡಾರನೆ ಹಾಕಿದಳು, ಅಷ್ಟೇ. ನನ್ನ ಕೈಯಲ್ಲಿದ್ದ ಕತ್ತರಿ, ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ, ಅವಳ ಕಿವಿಯಿಂದ ಒಂದು ಗೇಣು ಆಚೆ ಬಾಗಿಲಿಗೆ ಬಡಿದು ಬಿತ್ತು. ತಾನಾಗಿ ಹಾರಲಿಲ್ಲ, ನಾನೇ ಎಸೆದೆ. ಅವಳು ಅಳಲಿಲ್ಲ. ಕತ್ತರಿ ಎತ್ತಿ ಬೀರುವಿನ ಮೇಲಿಟ್ಟು ಒಳಗೆ ಹೋದಳು. ಮರುದಿನ ಯಾರೂ ಕರೆದೊಯ್ಯದೆ ನಾನೇ ಮನೋವೈದ್ಯರ ಹತ್ತಿರ ಹೋದೆ.

ಹುಚ್ಚಾ ಡಾಕ್ಟ್ರೇ ಎಂದು ಮೊದಲೇ ಕೇಳಿಬಿಟ್ಟೆ. "ಹುಚ್ಚು ಅನ್ನೋ ಕಾಯಿಲೆ ನಮ್ಮ ಪುಸ್ತಕದಲ್ಲೇ ಇಲ್ಲಮ್ಮ" ಎಂದರು ಅವರು. ಇದಕ್ಕೆ ಪಿಟಿಎಸ್‌ಡಿ ಅನ್ನುತ್ತಾರಂತೆ. ನಡೆದದ್ದು ಮುಗಿದರೂ ಮೈಗೆ ಅದು ಮುಗಿದಿದೆ ಎಂದು ಗೊತ್ತಾಗುವುದಿಲ್ಲವಂತೆ. ಮೊದಲು ಬೇರೆ ಔಷಧಿ ಕೊಟ್ಟರು, ವಾರಕ್ಕೊಮ್ಮೆ ಕೂರಿಸಿ ಮಾತಾಡಿಸಿದರು. ನಿದ್ದೆ ಬಂತು, ಕೋಪ ಹೋಗಲಿಲ್ಲ. ಆಮೇಲೆ ಮನಸ್ಸಿನ ಏರಿಳಿತ ಹಿಡಿತಕ್ಕೆ ತರುವ ಗುಲಾಬಿ ಬಣ್ಣದ ಮಾತ್ರೆ ಸೇರಿಸಿದರು. ಈ ಕಾಯಿಲೆಯ ಎಲ್ಲರಿಗೂ ಇದನ್ನು ಕೊಡುವುದಿಲ್ಲ, ನಿಮಗೆ ಕೊಟ್ಟು ನೋಡೋಣ ಎಂದರು. ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು, ನೀವಾಗಿಯೇ ನಿಲ್ಲಿಸಬಾರದು ಎಂದೂ ಹೇಳಿದರು.

ಅದೇನು ಅಮೃತವಲ್ಲ. ಕೈ ಸಣ್ಣಗೆ ನಡುಗತೊಡಗಿತು. ಟೈಲರಿಗೆ ಕೈ ನಡುಗಿದರೆ ಹೇಗಿರುತ್ತದೆ ಯೋಚಿಸಿ. ಸೂಜಿಗೆ ದಾರ ಪೋಣಿಸಲು ಐದು ನಿಮಿಷ ಒದ್ದಾಡಿದ್ದೇನೆ. ಮೈ ಊದಿತು, ನನ್ನದೇ ರವಿಕೆಗಳ ಪಕ್ಕದ ಹೊಲಿಗೆಯನ್ನು ಎರಡು ಸಲ ಬಿಚ್ಚಿದೆ. ಆದರೆ ಕೋಪಕ್ಕೂ ಕೈಗೂ ನಡುವೆ ಒಂದು ಉಸಿರು ಎಳೆದುಕೊಳ್ಳುವಷ್ಟು ಬಿಡುವು ಸಿಕ್ಕಿತು. ಕೋಪ ಈಗಲೂ ಬರುತ್ತದೆ, ಕತ್ತರಿ ಮೇಜಿನ ಮೇಲೆಯೇ ಉಳಿಯುತ್ತದೆ. ಮಾತ್ರೆ ಅಭ್ಯಾಸವಾಗಿಬಿಡುತ್ತೆ ಎಂದು ಬುದ್ಧಿ ಹೇಳುವವರಿಗೆ ನಾನು ನಿಮ್ಮ ಕನ್ನಡಕ ತೆಗೆದಿಟ್ಟು ಒಂದು ದಿನ ಓಡಾಡಿ ಬನ್ನಿ ಅನ್ನುತ್ತೇನೆ.

ಮಗಳಿಗೆ ಸಂಬಂಧ ಬಂದಾಗ ಮಾತ್ರ ನನ್ನ ಬಾಯಿ ಕಟ್ಟಿಹೋಯಿತು. "ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತಾರೆ. ನಿಂಗೆ ತಲೆ ಸರಿ ಇಲ್ಲ ಅಂತ ಗೊತ್ತಾದ್ರೆ ಅವಳನ್ನ ಯಾರು ತಗೊಳ್ತಾರೆ?" ಎಂದರು ಅತ್ತೆ. ಚೀಪುವ ಗ್ಯಾಸ್ಟ್ರಿಕ್ ಮಾತ್ರೆಯೂ ಗುಲಾಬಿ, ನನ್ನದೂ ಗುಲಾಬಿ. ನನ್ನ ಮಾತ್ರೆಗಳನ್ನೆಲ್ಲ ಸ್ಟ್ರಿಪ್ಪಿನಿಂದ ಬಿಡಿಸಿ ಗ್ಯಾಸ್ಟ್ರಿಕ್ ಮಾತ್ರೆಯ ಖಾಲಿ ಡಬ್ಬಿಗೆ ತುಂಬಿಕೊಟ್ಟರು. ಮಗಳೂ ಹೂಂ ಅಂದಳು. ನಾನೂ ಒಪ್ಪಿದೆ, ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮದುವೆಯಾಯಿತು, ಡಬ್ಬಿಯ ಸುಳ್ಳು ಹಾಗೇ ಮುಂದುವರಿಯಿತು. ಬೀಗರದು ಶಿವಮೊಗ್ಗದ ಹೊರಗೆ ಸೋಗಾನೆ ಕಡೆ ಹೊಸ ಮನೆ. ಏಳನೇ ತಿಂಗಳಿಗೆ ಮಗಳ ಸೀಮಂತ ಅಲ್ಲೇ ಇಟ್ಟುಕೊಂಡರು. ಅದಾದ ಮೇಲೆ ಬಾಣಂತನಕ್ಕೆ ತವರಿಗೆ ಕಳಿಸುವುದು ಪದ್ಧತಿ. ಆ ಬಾಣಂತನ ನನಗೆ ಬೇಕೇ ಬೇಕಿತ್ತು. ಕತ್ತರಿ ಎಸೆದ ಇದೇ ಕೈಯಿಂದ ಅವಳಿಗೆ ಎಣ್ಣೆ ನೀರು ಹಾಕಬೇಕು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಮೀಯಿಸಬೇಕು ಎಂದು ದಿನ ಎಣಿಸುತ್ತಿದ್ದೆ. ಹಳೆಯ ಹತ್ತಿ ಸೀರೆಗಳನ್ನು ಒಗೆದು ಡಜನ್‌ಗಟ್ಟಲೆ ಬಟ್ಟೆ ಹೊಲಿದಿಟ್ಟಿದ್ದೆ.

ಊಟವಾಗಿತ್ತು. ನಾನು ಮಗಳ ಕೈಗೆ ಹಸಿರು ಬಳೆ ಏರಿಸುತ್ತಿದ್ದೆ. ನಮ್ಮ ಬೀಗಿತ್ತಿ ಬಹಳ ಸಲಿಗೆಯವರು, ಒಳಗಿನ ಕೋಣೆಯಿಂದ ಎದೆ ನೀವಿಕೊಳ್ಳುತ್ತ ಬಂದು ಕೂತರು. "ಒಬ್ಬಟ್ಟು ತಿಂದು ಎದೆಯೆಲ್ಲ ಉರಿ ಮಾರಾಯ್ತಿ. ನಿಮ್ ಬ್ಯಾಗಲ್ಲಿದ್ದ ಗ್ಯಾಸ್ಟ್ರಿಕ್ ಮಾತ್ರೆ ಎರಡು ತಗೊಂಡೆ. ಎಷ್ಟು ಚೀಪಿದ್ರೂ ಕರಗ್ಲಿಲ್ಲ, ಕಡೆಗೆ ನುಂಗಿ ನೀರು ಕುಡ್ದೆ" ಎಂದರು.

ಅವರಿಗೆ ಹಿಂದಿನ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ರಕ್ತ ತೆಳು ಮಾಡುವ ಮಾತ್ರೆ ದಿನವೂ ನುಂಗುತ್ತಿದ್ದರು. ಬಳೆ ಮಗಳ ಮುಂಗೈಯಲ್ಲೇ ನಿಂತಿತು. ಅವಳು ನನ್ನ ಬೆರಳು ಹಿಸುಕಿ, "ಎರಡೇ ಅಲ್ವಾ ಅಮ್ಮ, ಏನಾಗಲ್ಲ. ಸುಮ್ನಿರು" ಎಂದು ಪಿಸುಗುಟ್ಟಿದಳು. ನಮ್ಮತ್ತೆ ಫ್ಯಾನ್ ನೋಡುತ್ತ ಕೂತಿದ್ದರು. ಸುಮ್ಮನಿದ್ದರೆ ಬಾಣಂತನ ನನ್ನದು, ಬಾಯಿ ಬಿಟ್ಟರೆ ಹೋಯಿತು. ನನಗೆ ಕೋಪ ಬಂತು, ಆ ಡಬ್ಬಿಯ ಮೇಲೆ, ನನ್ನ ಮೇಲೆ. ಎದ್ದು ನಿಂತೆ.

"ಅದು ಗ್ಯಾಸ್ಟ್ರಿಕ್ ಮಾತ್ರೆ ಅಲ್ಲ. ನನ್ನ ತಲೆಗೆ ಕೊಟ್ಟಿರೋ ಮಾತ್ರೆ. ಬಸ್ ಆಕ್ಸಿಡೆಂಟ್ ಆದ್ಮೇಲೆ ತಗೊಳ್ತಿದೀನಿ. ನೀವು ಹಾರ್ಟಿಗೆ ಬೇರೆ ತಗೊಳ್ತೀರ. ಎದ್ದೇಳಿ, ಆಸ್ಪತ್ರೆಗೆ ಹೋಗೋಣ."

ಮೂವತ್ತು ಹೆಂಗಸರು ನೋಡುತ್ತಿದ್ದಂತೆ ಬೀಗಿತ್ತಿಯನ್ನು ಹೊರಡಿಸಿದೆ. ಕಾರಿನಲ್ಲಿ ಬೀಗಿತ್ತಿ ನನ್ನಿಂದ ಆದಷ್ಟು ದೂರ, ಬಾಗಿಲಿಗೆ ಒತ್ತಿಕೊಂಡು ಕೂತರು. ನಾನು ಫೋನಿನಲ್ಲಿ ನನ್ನ ಡಾಕ್ಟರಿಂದ ಮಾತ್ರೆಯ ಹೆಸರು, ಪ್ರಮಾಣ ಎಲ್ಲ ಆಸ್ಪತ್ರೆಯವರಿಗೆ ಹೇಳಿಸಿದೆ. ಸಂಜೆಯವರೆಗೆ ಮಲಗಿಸಿಕೊಂಡು ನೋಡಿದರು. ಬೀಗಿತ್ತಿ ಗೊರಕೆ ಹೊಡೆದು ನಿದ್ದೆ ಮಾಡಿದರೇ ಹೊರತು ಬೇರೇನೂ ಆಗಲಿಲ್ಲ.

ಮೂರನೇ ದಿನ ಫೋನ್ ಬಂತು. "ಬಾಣಂತನ ಇಲ್ಲೇ ಮಾಡ್ಕೊಳ್ತೀವಿ. ನೀವು ಬಂದು ನೋಡ್ಕೊಂಡು ಹೋಗಿ" ಎಂದರು ಬೀಗಿತ್ತಿ. ಅತ್ತೆ ಹಣೆ ಚಚ್ಚಿಕೊಂಡರು. ನಾನು ಆಸ್ಪತ್ರೆಯ ಫೈಲು, ಮಾತ್ರೆಯ ಸ್ಟ್ರಿಪ್ ಎರಡನ್ನೂ ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಆಕ್ಸಿಡೆಂಟ್ ಆದ ಅದೇ ರಸ್ತೆ. ಕಿಟಕಿಯ ಪಕ್ಕವೇ ಕೂತೆ.

ಎರಡನ್ನೂ ಅವರ ಊಟದ ಮೇಜಿನ ಮೇಲೆ, ಅವರ ಹೃದಯದ ಮಾತ್ರೆಗಳ ಪಕ್ಕದಲ್ಲೇ ಇಟ್ಟೆ. ಬೀಗಿತ್ತಿ ಮುಚ್ಚುಮರೆಯಿಲ್ಲದೆ ಕೇಳಿದರು. "ಕೋಪ ಬಂದು ಮಗೂಗೆ ಏನಾದ್ರೂ ಮಾಡಿದ್ರೆ?"

ಕೇಳುವ ಹಕ್ಕು ಅವರಿಗಿತ್ತು. "ನನ್ನ ಮಗಳ ಮೇಲೇ ಕತ್ತರಿ ಎಸೆದಿದೀನಿ" ಎಂದೆ. "ಮಾತ್ರೆ ತಗೊಳ್ಳೋಕೆ ಮುಂಚೆ. ಆಮೇಲೆ ಒಂದು ಲೋಟಾನೂ ಎಸೆದಿಲ್ಲ. ತಟ್ಟೆ ಎಸೆಯೋ ಗಂಡಸ್ರು ಎಷ್ಟು ಮನೇಲಿಲ್ಲ? ಅವ್ರಿಗೆ ಯಾರೂ ಮಗು ಕೊಡಲ್ಲ ಅಂದಿಲ್ಲ. ನೀವು ನಿಮ್ಮ ಮಾತ್ರೆ ಮೇಜಿನ ಮೇಲಿಟ್ಟು ತಗೊಳ್ತೀರ, ನಾನು ಕಳ್ಳಿ ಥರ ಬಚ್ಚಿಟ್ಟು ತಗೊಂಡೆ. ನಾನು ಮಾಡಿದ ತಪ್ಪು ಅದು. ಕ್ಷಮಿಸಿ. ಆದ್ರೆ ಮಾತ್ರೆ ತಗೊಳ್ಳೋದು ತಪ್ಪಲ್ಲ. ಬರ್ತಾಳೋ ಇಲ್ವೋ ಅವಳೇ ಹೇಳ್ಲಿ."

ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಬೀಗಿತ್ತಿಯ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದ ನನಗೆ ಮಗಳತ್ತ ನೋಡುವ ಧೈರ್ಯವಾಗಲಿಲ್ಲ. ಅವಳು ಬೇಡ ಅಂದಿದ್ದರೆ ನಾನು ಬಾಯಿ ಮುಚ್ಚಿಕೊಂಡು ಬಸ್ಸು ಹತ್ತುತ್ತಿದ್ದೆ. ಕತ್ತರಿ ಹಾರಿಬಂದದ್ದು ಅವಳ ಕಡೆಗೆ, ನನ್ನ ಕಡೆಗಲ್ಲ.

"ಅಮ್ಮ, ಇವತ್ತಿನ ಮಾತ್ರೆ ತಗೊಂಡ್ಯಾ?" ಎಂದು ಕೇಳಿದಳು. ಅವಳ ಗಂಡ, ಅತ್ತೆ, ಮಾವ ಎಲ್ಲರೂ ಅಲ್ಲೇ ಇದ್ದರು. ದನಿ ತಗ್ಗಿಸಲಿಲ್ಲ.

"ತಗೊಂಡೆ."

"ಹಾಗಾದ್ರೆ ಕೂತ್ಕೊ, ಬಟ್ಟೆ ತುಂಬ್ಕೊಂಡು ಬರ್ತೀನಿ."